ಮನೆಯ ಕಂಪ್ಯೂಟರಿಗೆ ಕುತಂತ್ರಾಂಶ ಹೊಕ್ಕಾಗ: ಸ್ಕ್ಯಾನ್ ಸಾಕೇ, ಫಾರ್ಮ್ಯಾಟ್ ಬೇಕೇ?

ಮನೆಯ ಕಂಪ್ಯೂಟರಿಗೆ ವೈರಸ್ ಬಂದಿದೆ ಎಂಬ ಅನುಮಾನ ಮೂಡಿದೊಡನೆ ಹೆಚ್ಚಿನವರು ಕೇಳುವುದು ಯಾವ ಆಂಟಿವೈರಸ್ ಹಾಕಿಸಬೇಕು ಎಂದು. ಪ್ರಶ್ನೆ ಸಹಜವಾದದ್ದೇ, ಆದರೆ ಅದನ್ನು ಕೇಳುವ ಹೊತ್ತು ಅದಲ್ಲ. ಒಳಗೆ ಬಂದಿರುವುದು ಯಾವ ಬಗೆಯದು, ಅದರ ಕೈಗೆ ಏನೇನು ಸಿಕ್ಕಿರಬಹುದು ಎಂಬುದನ್ನು ಮೊದಲು ತಿಳಿದುಕೊಂಡರೆ, ಬ್ರೌಸರನ್ನಷ್ಟೇ ಚೊಕ್ಕಟ ಮಾಡಿದರೆ ಸಾಕೇ, ಒಂದು ಸ್ಕ್ಯಾನ್ ನಡೆಸಬೇಕೇ ಅಥವಾ ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಲೇಬೇಕೇ ಎಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ. ಇಲ್ಲಿನ ಮಾತೆಲ್ಲ ವಿಂಡೋಸ್ 10 ಮತ್ತು 11 ಇರುವ ಕಂಪ್ಯೂಟರುಗಳಿಗೆ ಸಂಬಂಧಿಸಿದ್ದು.

ಬಂದಿರುವುದು ಏನು?

ಕಂಪ್ಯೂಟರ್ ನಿಧಾನವಾಗಿದೆ ಎಂಬುದೊಂದನ್ನೇ ಸೋಂಕಿನ ಲಕ್ಷಣವೆಂದು ಹಿಡಿಯಬಾರದು. ಹಳೆಯ ಹಾರ್ಡ್ ಡಿಸ್ಕ್ ಮತ್ತು 4 ಜಿಬಿ ರ‍್ಯಾಮ್ ಇರುವ ಯಂತ್ರ ಇಂದಿನ ವಿಂಡೋಸಿನ ಭಾರಕ್ಕೇ ಏದುಸಿರು ಬಿಡುತ್ತದೆ. ಅಲ್ಲಿ ಆಂಟಿವೈರಸ್‌ಗೆ ಹಾಕುವ ದುಡ್ಡನ್ನು ಒಂದು ಎಸ್‌ಎಸ್‌ಡಿಗೆ (ಹೆಚ್ಚು ವೇಗದ ಹೊಸ ಬಗೆಯ ಡಿಸ್ಕಿಗೆ) ಹಾಕಿದರೆ ಹೆಚ್ಚು ಉಪಯೋಗವಾಗುತ್ತದೆ.

ಅನುಮಾನದ ಮೂಲಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಮೇಲಿಂದ ಮೇಲೆ ಪುಟಿಯುವ, “ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್‌ಗಳಿವೆ” ಎಂಬ ಧಾಟಿಯ ಸೂಚನೆ. ಹೆಸರಾಂತ ಆಂಟಿವೈರಸ್ ಕಂಪನಿಯ ಲಾಂಛನವೂ ಅದರಲ್ಲಿರುವುದರಿಂದ ಹಿರಿಯರು ಗಾಬರಿಯಾಗುತ್ತಾರೆ. ಇದು ಬಹುತೇಕ ಸಂದರ್ಭಗಳಲ್ಲಿ ಕುತಂತ್ರಾಂಶವೇ (ಹಾನಿ ಮಾಡಲೆಂದೇ ಬರೆದ ತಂತ್ರಾಂಶವೇ) ಅಲ್ಲ. ಯಾವುದೋ ಜಾಲತಾಣ “ಅಲೋ” (ಅನುಮತಿಸು) ಒತ್ತಿ ಎಂದಾಗ ಮನೆಯವರಲ್ಲಿ ಯಾರೋ ಒತ್ತಿದ್ದರ ಫಲ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಅನುಮತಿ ಪಡೆದ ತಾಣಗಳ ಪಟ್ಟಿಯನ್ನು ತೆರೆದು, ಗುರುತಿಲ್ಲದ ಹೆಸರುಗಳನ್ನು ತೆಗೆದುಹಾಕಿದರೆ ಎರಡು ನಿಮಿಷದಲ್ಲಿ ಕಾಟ ನಿಲ್ಲುತ್ತದೆ. ಇದಕ್ಕಾಗಿ ಯಾರಿಗೂ ಹಣ ಕೊಡಬೇಕಾಗಿಲ್ಲ. ಪರದೆಯನ್ನೆಲ್ಲ ಆವರಿಸಿ, ಸದ್ದು ಮಾಡುತ್ತ, ಫೋನ್ ನಂಬರ್ ತೋರಿಸುವ ಪುಟವೂ ಇದೇ ಜಾತಿಯದು. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದು ಅಥವಾ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ಮುಚ್ಚಿದರೆ ಸಾಕು. ಆದರೆ ಆ ನಂಬರಿಗೆ ಕರೆ ಮಾಡಿ, ಅತ್ತ ಕಡೆಯವರು ಹೇಳಿದಂತೆ ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಕೊಂಡಿದ್ದರೆ ವಿಷಯ ಬೇರೆಯೇ ಆಗುತ್ತದೆ. ಆಗ ಯಂತ್ರವನ್ನು ಮುಂದೆ ನಾಲ್ಕನೆಯದಾಗಿ ಹೇಳುವ, ಮಾಹಿತಿ ಕದಿಯುವ ಕುತಂತ್ರಾಂಶಗಳ ವರ್ಗಕ್ಕೆ ಸೇರಿಸಿ ನೋಡಬೇಕು.

ಎರಡನೆಯದು ಬ್ರೌಸರನ್ನು ಅಪಹರಿಸಿ ಜಾಹೀರಾತು ತುರುಕುವ ಆ್ಯಡ್‌ವೇರ್. ಹುಡುಕಾಟದ ಪುಟ ತಾನಾಗಿ ಬದಲಾಗುವುದು, ಯಾವತ್ತೂ ಹಾಕದ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಜೋಡಿಸುವ ಕಿರುತಂತ್ರಾಂಶ) ಕಾಣಿಸುವುದು, ತೆಗೆದರೂ ಮರಳಿ ಬರುವುದು ಇದರ ಗುರುತುಗಳು. ಮನೆಯ ಕಂಪ್ಯೂಟರಿನ ಕ್ರೋಮ್ ಮೆನುವಿನ ಕೆಳಗೆ, ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬರ್ಥದ ಸಾಲು ಕಂಡರೆ, ಯಾವುದೋ ತಂತ್ರಾಂಶ ಹಿಂಬಾಗಿಲಿನಿಂದ ನಿಯಮ ಹೇರಿದೆ ಎಂದು ತಿಳಿಯಬೇಕು. ಕೆಲವು ಸಾಚಾ ತಂತ್ರಾಂಶಗಳೂ ಹಾಗೆ ಮಾಡುವುದುಂಟು. ಆದರೂ ಪರಿಶೀಲಿಸದೆ ಬಿಡುವಂತಿಲ್ಲ.

ಮೂರನೆಯದು ನಮ್ಮ ಊರುಗಳಿಗೆ ಚೆನ್ನಾಗಿ ಪರಿಚಯವಿರುವ ಪೆನ್ ಡ್ರೈವ್ ವೈರಸ್. ಅರ್ಜಿಯ ಪ್ರಿಂಟ್ ತೆಗೆಸಲು ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್ ಡ್ರೈವನ್ನು ಮನೆಯಲ್ಲಿ ತೆರೆದರೆ ಫೈಲುಗಳೆಲ್ಲ ಮಾಯವಾಗಿ ಒಂದೇ ಒಂದು ಶಾರ್ಟ್‌ಕಟ್ ಉಳಿದಿರುತ್ತದೆ. ಫೈಲುಗಳು ಸಾಮಾನ್ಯವಾಗಿ ಅಳಿದಿರುವುದಿಲ್ಲ. ವೈರಸ್ ಅವನ್ನು ಅಡಗಿಸಿ, ಆ ಶಾರ್ಟ್‌ಕಟ್ಟಿನ ಮೇಲೆ ಡಬಲ್ ಕ್ಲಿಕ್ ಮಾಡಲಿ ಎಂದು ಕಾಯುತ್ತಿರುತ್ತದೆ. ಕ್ಲಿಕ್ ಮಾಡಿದರೆ ಅದು ಮೊದಲು ಕಂಪ್ಯೂಟರಿಗೆ ಇಳಿದು, ಆಮೇಲೆ ಫೈಲುಗಳನ್ನು ತೋರಿಸುತ್ತದೆ. ಆದ್ದರಿಂದ ಅದನ್ನು ಮುಟ್ಟದೆ, ಫೈಲ್ ಎಕ್ಸ್‌ಪ್ಲೋರರಿನಲ್ಲಿ ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆಗೆ ಗುರುತು ಹಾಕಿ, ಸಿಸ್ಟಮ್ ಫೈಲುಗಳನ್ನು ಅಡಗಿಸುವ ಆಯ್ಕೆಯ ಗುರುತನ್ನು ತೆಗೆದು ನೋಡಿದರೆ, ಅನೇಕ ಸಲ ಹೆಸರೇ ಇಲ್ಲದ ಒಂದು ಫೋಲ್ಡರಿನಲ್ಲಿ ಎಲ್ಲವೂ ಸಿಗುತ್ತವೆ. ಬೇಕಾದ ಚಿತ್ರ, ಪಿಡಿಎಫ್‌ಗಳನ್ನಷ್ಟೇ ಆರಿಸಿ ನಕಲು ಮಾಡಿಕೊಂಡು ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡುವುದು ಸರಿಯಾದ ಕ್ರಮ.

ನಾಲ್ಕನೆಯದನ್ನು ನಾನು ಎಲ್ಲಕ್ಕಿಂತ ಅಪಾಯಕಾರಿ ಎನ್ನುತ್ತೇನೆ, ಏಕೆಂದರೆ ಅದು ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ರೆಡ್‌ಲೈನ್, ಲುಮ್ಮಾ ಮುಂತಾದ ಹೆಸರುಗಳ ಮಾಹಿತಿ ಕದಿಯುವ ಕುತಂತ್ರಾಂಶಗಳು ಒಳಗೆ ಬಂದು, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ಲಾಗಿನ್ ಆಗಿರುವ ಖಾತೆಗಳ ಕುಕಿಗಳನ್ನೂ (ನೀವು ಆಗಲೇ ಲಾಗಿನ್ ಆಗಿದ್ದೀರಿ ಎಂದು ತಾಣಕ್ಕೆ ತೋರಿಸುವ ಗುರುತಿನ ಚೀಟಿಗಳನ್ನೂ) ಬಾಚಿ ಕಳುಹಿಸಿಬಿಡುತ್ತವೆ. ಕೆಲವು ಆಮೇಲೆ ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ. ಕುಕಿ ಕೈಗೆ ಸಿಕ್ಕರೆ ಕಳ್ಳನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಮರುದಿನ ನಿಮ್ಮ ಇನ್‌ಸ್ಟಾಗ್ರಾಮ್ ಖಾತೆ ಯಾರದೋ ಹೂಡಿಕೆ ಯೋಜನೆಯ ಜಾಹೀರಾತು ಹಾಕಿದಾಗಲೋ, ಗುರುತಿಲ್ಲದ ಊರಿನಿಂದ ಲಾಗಿನ್ ಆದ ಇಮೇಲ್ ಬಂದಾಗಲೋ ಮಾತ್ರ ವಿಷಯ ತಿಳಿಯುತ್ತದೆ. 2024ರಿಂದೀಚೆಗೆ ಇವು ಹರಡುತ್ತಿರುವ ಒಂದು ದಾರಿ ಬಹಳ ಸರಳವಾದದ್ದು: ನೀವು ಮನುಷ್ಯರೆಂದು ಸಾಬೀತುಪಡಿಸಿ ಎನ್ನುವ ನಕಲಿ ಪುಟವೊಂದು ಗುಟ್ಟಾಗಿ ಒಂದು ಆಜ್ಞೆಯನ್ನು ಕಾಪಿ ಮಾಡಿಟ್ಟು, ವಿಂಡೋಸ್ ಕೀಲಿ ಮತ್ತು ಆರ್, ಆಮೇಲೆ ಕಂಟ್ರೋಲ್ ಮತ್ತು ವಿ, ಕೊನೆಗೆ ಎಂಟರ್ ಒತ್ತಿ ಎನ್ನುತ್ತದೆ. ಅಲ್ಲಿಗೆ ಬಳಕೆದಾರರೇ ತಮ್ಮ ಕೈಯಾರೆ ಕುತಂತ್ರಾಂಶವನ್ನು ಇಳಿಸುವ ಆಜ್ಞೆ ಕೊಟ್ಟಂತಾಯಿತು. ಯಾವ ಸಾಚಾ ತಾಣವೂ ಹೀಗೆ ಕೇಳುವುದಿಲ್ಲ.

ಐದನೆಯದಾದ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರನ್ನು ಗುರುತಿಸುವುದು ಕಷ್ಟವಲ್ಲ. ಫೈಲುಗಳ ಹೆಸರಿನ ಕೊನೆಗೆ ವಿಚಿತ್ರ ಅಕ್ಷರಗಳು ಸೇರಿಕೊಂಡು, ಪ್ರತಿ ಫೋಲ್ಡರಿನಲ್ಲೂ ಹಣ ಕೇಳುವ ಚೀಟಿಯೊಂದು ಕುಳಿತಿರುತ್ತದೆ.

ತೆಗೆಯುವ ದಾರಿಗಳು

ವಿಂಡೋಸಿನೊಳಗೇ ಇರುವ ಡಿಫೆಂಡರ್ 2012ರ ವಿಂಡೋಸ್ 8ರಿಂದ ಪೂರ್ಣ ಪ್ರಮಾಣದ ಆಂಟಿವೈರಸ್ ಆಗಿದೆ. ಅದರ ಕ್ವಿಕ್ ಸ್ಕ್ಯಾನ್, ಫುಲ್ ಸ್ಕ್ಯಾನ್ ಮತ್ತು ಆಫ್‌ಲೈನ್ ಸ್ಕ್ಯಾನ್‌ಗಳ ನಡುವಿನ ವ್ಯತ್ಯಾಸ ಬರಿಯ ಸಮಯದ್ದಲ್ಲ. ಮೊದಲಿನ ಎರಡೂ ವಿಂಡೋಸ್ ನಡೆಯುತ್ತಿರುವಾಗಲೇ ನಡೆಯುತ್ತವೆ. ಎಂದರೆ ಕಳ್ಳನೂ ಎಚ್ಚರವಾಗಿರುವಾಗ ಮನೆ ಹುಡುಕಿದಂತೆ. ಆಫ್‌ಲೈನ್ ಸ್ಕ್ಯಾನ್ ಕಂಪ್ಯೂಟರನ್ನು ಮರುಚಾಲನೆ ಮಾಡಿ, ವಿಂಡೋಸ್ ಏಳುವ ಮೊದಲೇ ಡಿಸ್ಕನ್ನು ಪರೀಕ್ಷಿಸುವುದರಿಂದ, ಅಡಗಿ ಕೂರುವ ಕುತಂತ್ರಾಂಶಗಳ ಮಟ್ಟಿಗೆ ಅದೇ ಮೇಲು. ಸುಮಾರು 15 ನಿಮಿಷ ಹಿಡಿಯುತ್ತದೆ. ಆ್ಯಡ್‌ವೇರಿಗೂ ಪೆನ್ ಡ್ರೈವ್ ವೈರಸ್ಸಿಗೂ ಒಂದು ಫುಲ್ ಸ್ಕ್ಯಾನ್ ಮತ್ತು ಒಂದು ಆಫ್‌ಲೈನ್ ಸ್ಕ್ಯಾನ್ ಹೆಚ್ಚಾಗಿ ಸಾಕಾಗುತ್ತವೆ.

ಸ್ಕ್ಯಾನ್‌ಗೆ ಮೊದಲು ಒಂದು ಕೆಲಸ ಮರೆಯಬಾರದು. ಡಿಫೆಂಡರಿನ ಸೆಟ್ಟಿಂಗ್ಸ್‌ನಲ್ಲಿ ‘ಎಕ್ಸ್‌ಕ್ಲೂಶನ್ಸ್’ ಎಂಬ ಪಟ್ಟಿಯಿದೆ, ಅದನ್ನು ತೆರೆದು ಗುರುತಿಲ್ಲದವನ್ನು ತೆಗೆದುಹಾಕಬೇಕು. ಅದರಲ್ಲಿರುವ ಫೋಲ್ಡರುಗಳನ್ನು ಅದು ಮುಟ್ಟುವುದಿಲ್ಲ. ಕ್ರ್ಯಾಕ್ ಮಾಡಿದ (ಲೈಸೆನ್ಸಿನ ಬೀಗ ಒಡೆದ) ತಂತ್ರಾಂಶಗಳು ಹಲವು ಬಾರಿ ತಮ್ಮ ಫೋಲ್ಡರನ್ನು, ಕೆಲವೊಮ್ಮೆ ಇಡೀ ಸಿ ಡ್ರೈವನ್ನೇ ಆ ಪಟ್ಟಿಗೆ ಸೇರಿಸಿರುತ್ತವೆ. ಅಂಥ ಯಂತ್ರದಲ್ಲಿ ಎಷ್ಟು ಸಲ ಸ್ಕ್ಯಾನ್ ನಡೆಸಿದರೂ ಏನೂ ಸಿಗಲಿಲ್ಲ ಎಂಬ ಉತ್ತರವೇ ಬರುತ್ತದೆ, ಬಳಕೆದಾರರು ನಿಶ್ಚಿಂತರಾಗಿಬಿಡುತ್ತಾರೆ.

ಎರಡನೆಯ ಅಭಿಪ್ರಾಯ ಬೇಕೆನ್ನುವವರಿಗೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ, ಅದೇ ಕಂಪನಿಯ ಆ್ಯಡ್‌ಕ್ಲೀನರ್, ಇಸೆಟ್ ಆನ್‌ಲೈನ್ ಸ್ಕ್ಯಾನರ್, ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್‌ಗಳಿವೆ. ಬ್ರೌಸರಿನ ಕಿರುಕುಳಕ್ಕೆ ಆ್ಯಡ್‌ಕ್ಲೀನರ್ ತಕ್ಕದ್ದು. ಅದು ಹಗುರ, ಅದರ ಗುರಿಯೂ ಅದೇ. ಸೇಫ್ಟಿ ಸ್ಕ್ಯಾನರನ್ನು ಇಳಿಸಿಕೊಂಡ 10 ದಿನಗಳ ಮೇಲೆ ಬಳಸಲಾಗದು, ಹೊಸದನ್ನು ಇಳಿಸಿಕೊಳ್ಳಬೇಕು. ಹಳೆಯ ಪಟ್ಟಿ ಹಿಡಿದು ಹೊಸ ಕಳ್ಳನನ್ನು ಹುಡುಕಬಾರದೆಂಬ ಕಾರಣಕ್ಕೆ ಹಾಗೆ ಮಾಡಿದ್ದಾರೆ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಆಂಟಿವೈರಸ್ ಕಂಪನಿಗಳ ಸಹಯೋಗದ ಉಚಿತ ಬಾಟ್ (ಯಂತ್ರವನ್ನು ದೂರದಿಂದ ದುಡಿಸಿಕೊಳ್ಳುವ ಕುತಂತ್ರಾಂಶ) ನಿವಾರಣಾ ಉಪಕರಣಗಳು ಸಿಗುತ್ತವೆ. ಇವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಸಾಕು. ಐದನ್ನೂ ಓಡಿಸಿ, ಕುಕಿಗಳನ್ನೂ ಅಪಾಯವೆಂದು ಎಣಿಸುವ ಪಟ್ಟಿಗಳನ್ನು ನೋಡಿ ಹೆದರುವುದರಿಂದ ಪ್ರಯೋಜನವಿಲ್ಲ. ಬೇರೆ ಪೆನ್ ಡ್ರೈವಿನಿಂದ ಬೂಟ್ ಮಾಡುವ ರೆಸ್ಕ್ಯೂ ಡಿಸ್ಕ್‌ಗಳೂ ಇವೆ. ಆದರೆ ಇಂದಿನ ಅನೇಕ ಲ್ಯಾಪ್‌ಟಾಪುಗಳ ಡಿಸ್ಕ್ ಗೂಢಲಿಪಿಯಲ್ಲಿರುವುದರಿಂದ ರಿಕವರಿ ಕೀ ಇಲ್ಲದೆ ಅವು ಒಳಗೆ ಇಣುಕಲಾರವು.

ವಿಂಡೋಸನ್ನು ಹಿಂದಿನ ದಿನವೊಂದರ ಸ್ಥಿತಿಗೆ ಮರಳಿಸುವ ಸಿಸ್ಟಮ್ ರಿಸ್ಟೋರ್ ಎಂಬ ಆಯ್ಕೆಯನ್ನು ಈ ಪಟ್ಟಿಯಿಂದ ಹೊರಗಿಡುತ್ತೇನೆ. ಅದು ಕೆಟ್ಟ ಡ್ರೈವರಿಗೆ (ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ತಂತ್ರಾಂಶಕ್ಕೆ) ಮದ್ದೇ ಹೊರತು ಕುತಂತ್ರಾಂಶಕ್ಕಲ್ಲ.

ಕೊನೆಯ ದಾರಿ ವಿಂಡೋಸನ್ನು ಮರುಸ್ಥಾಪಿಸುವುದು, ನಮ್ಮ ಆಡುಮಾತಿನಲ್ಲಿ ‘ಫಾರ್ಮ್ಯಾಟ್ ಹೊಡೆಸುವುದು’. ಇಲ್ಲೂ ಮೂರು ಹಂತಗಳಿವೆ. ‘ರಿಸೆಟ್ ದಿಸ್ ಪಿಸಿ’ಯಲ್ಲಿ ನಿಮ್ಮ ಫೈಲುಗಳನ್ನು ಉಳಿಸಿಕೊಳ್ಳುವ ಆಯ್ಕೆ ಆ್ಯಪ್‌ಗಳನ್ನೂ ಸೆಟ್ಟಿಂಗ್ಸನ್ನೂ ಕಿತ್ತುಹಾಕುತ್ತದೆ. ಆದರೆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿರುವ ಸೋಂಕು ತಂದ ಮೂಲ ಕ್ರ್ಯಾಕ್ ಫೈಲ್ ಹಾಗೆಯೇ ಉಳಿದು, ಒಂದು ವಾರದಲ್ಲಿ ಮನೆಯ ಮಕ್ಕಳು ಅದನ್ನೇ ಮತ್ತೆ ಒತ್ತುವ ಸಾಧ್ಯತೆಯೂ ಉಳಿಯುತ್ತದೆ. ಎಲ್ಲವನ್ನೂ ಅಳಿಸುವ ಆಯ್ಕೆ ಅದಕ್ಕಿಂತ ಮೇಲು. ಅದರ ಜೊತೆಗೆ ‘ಕ್ಲೌಡ್ ಡೌನ್‌ಲೋಡ್’ ಆರಿಸಿಕೊಂಡರೆ ಡಿಸ್ಕಿನಲ್ಲಿರುವ ಹಳೆಯ ಪ್ರತಿಯ ಬದಲು ಮೈಕ್ರೋಸಾಫ್ಟಿನಿಂದಲೇ ಹೊಸ ಪ್ರತಿ ಬರುತ್ತದೆ. ಇದಕ್ಕೆ ಹಲವು ಜಿಬಿ ಡೇಟಾ ಬೇಕು, ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡವರು ಗಮನಿಸಬೇಕು. ಎಲ್ಲಕ್ಕಿಂತ ಖಚಿತವಾದದ್ದು ಬೇರೊಂದು ಶುದ್ಧ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲ್ ಬಳಸಿ, ಕನಿಷ್ಠ 8 ಜಿಬಿಯ ಪೆನ್ ಡ್ರೈವನ್ನು ಸಿದ್ಧಪಡಿಸಿ, ಅದರಿಂದ ಬೂಟ್ ಮಾಡಿ, ಹಳೆಯ ಪಾರ್ಟಿಶನ್‌ಗಳನ್ನು ಅಳಿಸಿ ಹೊಸದಾಗಿ ಹಾಕುವುದು. ಲೈಸೆನ್ಸ್ ಹೋಗಿಬಿಡುತ್ತದೆ ಎಂಬ ಹೆದರಿಕೆಯಿಂದ ಹಲವರು ಹಿಂಜರಿಯುತ್ತಾರೆ. ಸಾಚಾ ವಿಂಡೋಸ್ ಇದ್ದ ಯಂತ್ರದಲ್ಲಿ ಅದೇ ಆವೃತ್ತಿಯನ್ನು ಮತ್ತೆ ಹಾಕಿದರೆ ಡಿಜಿಟಲ್ ಲೈಸೆನ್ಸ್ ಸಾಮಾನ್ಯವಾಗಿ ತಾನಾಗಿಯೇ ಕೂಡಿಕೊಳ್ಳುತ್ತದೆ.

ಹಾಗಾದರೆ ಯಾವುದಕ್ಕೆ ಯಾವುದು? ಬ್ರೌಸರಿನ ಕಾಟಕ್ಕೆ, ಪೆನ್ ಡ್ರೈವ್ ವೈರಸ್ಸಿಗೆ ಸ್ಕ್ಯಾನ್ ಸಾಕು. ಮಾಹಿತಿ ಕದಿಯುವ ಕುತಂತ್ರಾಂಶ ಬಂದಿರುವ ಬಲವಾದ ಅನುಮಾನವಿದ್ದರೆ, ಅಪರಿಚಿತರು ದೂರದಿಂದ ಕಂಪ್ಯೂಟರ್ ನಡೆಸಿದ್ದರೆ, ರಾನ್ಸಮ್‌ವೇರ್ ತಗುಲಿದ್ದರೆ, ಸ್ಕ್ಯಾನ್ ಶುದ್ಧವೆಂದು ಹೇಳಿದರೂ ನಾನು ಪೂರ್ತಿ ಮರುಸ್ಥಾಪನೆಯನ್ನೇ ಆರಿಸುತ್ತೇನೆ. ಒಂದು ಭಾನುವಾರ ಹೋಗುತ್ತದೆ, ನಿಜ. ಆದರೆ ಉಳಿದಿದೆಯೋ ಇಲ್ಲವೋ ಎಂಬ ಸಂಶಯದಲ್ಲೇ ಆ ಯಂತ್ರದಿಂದ ಬ್ಯಾಂಕಿನ ವ್ಯವಹಾರ ಮಾಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಯಾವ ದಾರಿ ಹಿಡಿದರೂ, ಮಾಹಿತಿ ಕಳುವಾಗಿರುವ ಸಂಭವವಿದ್ದಲ್ಲಿ ಕಂಪ್ಯೂಟರಿಗಿಂತ ಮೊದಲು ಖಾತೆಗಳನ್ನು ನೋಡಿಕೊಳ್ಳಬೇಕು. ಸೋಂಕಿತ ಯಂತ್ರದಲ್ಲಿ ಕುಳಿತು ಪಾಸ್‌ವರ್ಡ್ ಬದಲಿಸಿದರೆ ಹೊಸದನ್ನೂ ಕಳ್ಳನಿಗೆ ಒಪ್ಪಿಸಿದಂತೆ. ಆದುದರಿಂದ ಮೊಬೈಲಿನಿಂದ ಮೊದಲು ಇಮೇಲ್, ಅನಂತರ ಬ್ಯಾಂಕ್, ಆಮೇಲೆ ಉಳಿದವುಗಳ ಪಾಸ್‌ವರ್ಡ್ ಬದಲಿಸಿ, ಪ್ರತಿ ಖಾತೆಯಲ್ಲೂ ಎಲ್ಲ ಸಾಧನಗಳಿಂದ ಹೊರಬರುವ ಆಯ್ಕೆಯನ್ನು ಬಳಸಬೇಕು. ಆಗ ಕದ್ದ ಕುಕಿಗಳು ಕೆಲಸಕ್ಕೆ ಬಾರದಂತಾಗುತ್ತವೆ. ಹಣ ಹೋಗಿದ್ದರೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಡಮಾಡದೆ ಕರೆ ಮಾಡಬೇಕು. ಎಷ್ಟು ಬೇಗ ತಿಳಿಸಿದರೆ ಹಣವನ್ನು ನಡುದಾರಿಯಲ್ಲಿ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ರಾನ್ಸಮ್‌ವೇರ್ ಬಡಿದಾಗ ನೆಟ್‌ವರ್ಕ್ ಕಿತ್ತುಹಾಕಿ, ಲಾಕ್ ಆದ ಫೈಲುಗಳನ್ನು ಅಳಿಸದೆ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಬೇಕು. ಡಚ್ ಪೊಲೀಸರು, ಐರೋಪ್ಯ ಒಕ್ಕೂಟದ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತು ಭದ್ರತಾ ಕಂಪನಿಗಳು ಸೇರಿ 2016ರ ಜುಲೈಯಲ್ಲಿ ಆರಂಭಿಸಿದ ‘ನೋ ಮೋರ್ ರಾನ್ಸಮ್’ ತಾಣದಲ್ಲಿ ಕೆಲವು ತಳಿಗಳಿಗೆ ಉಚಿತ ಬೀಗದ ಕೈ ಸಿಗುತ್ತದೆ. ಮನೆ ಬಳಕೆದಾರರನ್ನೇ ಹೆಚ್ಚಾಗಿ ಕಾಡಿದ ಸ್ಟಾಪ್ ಡೆಜಾವು ಎಂಬ ತಳಿಯ ಹಲವು ಆವೃತ್ತಿಗಳಿಗೆ 2019ರಲ್ಲಿ ಬಿಡಿಸುವ ಉಪಕರಣ ಬಂತು. ಇಂದು ಬಿಡಿಸಲಾಗದ್ದನ್ನು ಮುಂದೊಮ್ಮೆ ಬಿಡಿಸಬಹುದೆಂಬ ಕಾರಣಕ್ಕೇ ಫೈಲುಗಳನ್ನು ಇಟ್ಟುಕೊಳ್ಳಿ ಎಂದದ್ದು. ಹಣ ಕೊಟ್ಟರೆ ಫೈಲು ಮರಳುತ್ತದೆಂಬ ಭರವಸೆ ಇಲ್ಲ.

ಅಂಗಡಿಗೆ ಕೊಡುವುದಾದರೆ

ಇದನ್ನೆಲ್ಲ ಸ್ವತಃ ಮಾಡಲು ಎಲ್ಲರಿಗೂ ಸಾಧ್ಯವಿಲ್ಲ, ಮಾಡಲೇಬೇಕೆಂದೂ ಇಲ್ಲ. ರಿಪೇರಿ ಅಂಗಡಿಗೆ ಕೊಡುವವರು ಎರಡು ವಿಷಯಗಳನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು: ಯಾವ ಡ್ರೈವ್ ಅಳಿಸುತ್ತಾರೆ, ಯಾವ ವಿಂಡೋಸ್ ಹಾಕುತ್ತಾರೆ. ನನ್ನ ಭಾವನವರ ಲ್ಯಾಪ್‌ಟಾಪ್ ಹೀಗೆಯೇ ಒಂದು ಅಂಗಡಿಗೆ ಹೋಗಿ, ಡೆಸ್ಕ್‌ಟಾಪಿನ ಮೇಲಿಟ್ಟಿದ್ದ ಗೃಹಪ್ರವೇಶದ ಫೋಟೊಗಳೆಲ್ಲ ಅಳಿದು ಮರಳಿತು. ಡೆಸ್ಕ್‌ಟಾಪ್ ಎನ್ನುವುದೂ ಸಿ ಡ್ರೈವಿನಲ್ಲೇ ಇರುತ್ತದೆಂಬುದು ಅವರಿಗೆ ಗೊತ್ತಿರಲಿಲ್ಲ, ಅಂಗಡಿಯವರು ಕೇಳಲೂ ಇಲ್ಲ. ಅದರ ಮೇಲೆ ಹಾಕಿಕೊಟ್ಟದ್ದು ಕ್ರ್ಯಾಕ್ ಮಾಡಿದ ವಿಂಡೋಸ್. ಅಂಥ ವಿಂಡೋಸಿಗೆ ಲೈಸೆನ್ಸ್ ಇರುವಂತೆ ತೋರಿಸುವ ಆ್ಯಕ್ಟಿವೇಟರ್ ಓಡಿಸಲು ಸಾಮಾನ್ಯವಾಗಿ ಡಿಫೆಂಡರನ್ನು ನಿಲ್ಲಿಸುವುದರಿಂದ, ಒಂದು ಸೋಂಕು ತೆಗೆಯಲು ಹೋದ ಯಂತ್ರ ಇನ್ನೊಂದಕ್ಕೆ ಬಾಗಿಲು ತೆರೆದುಕೊಂಡು ಮನೆಗೆ ಬಂದಂತಾಗುತ್ತದೆ.

ಹಣ ಕೊಟ್ಟು ಆಂಟಿವೈರಸ್ ಕೊಳ್ಳಬೇಕೇ?

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ವಿಂಡೋಸ್ ಅಪ್‌ಡೇಟ್ ಆಗುತ್ತಿರುವ, ಕ್ರ್ಯಾಕ್ ತಂತ್ರಾಂಶಗಳಿಲ್ಲದ ಮನೆಯ ಕಂಪ್ಯೂಟರಿಗೆ ಡಿಫೆಂಡರ್ ಸಾಕು ಎಂಬುದು ನನ್ನ ಅಭಿಪ್ರಾಯ. ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7 ಅಥವಾ ಹೊರದೇಶದ ಕಂಪನಿಗಳ ಉತ್ಪನ್ನ ಕೊಳ್ಳುವವರಿಗೆ ಸಿಗುವ ನಿಜವಾದ ಹೆಚ್ಚುಗಾರಿಕೆ ಇರುವುದು ಮಕ್ಕಳ ಬಳಕೆಯ ನಿಯಂತ್ರಣ, ಪೆನ್ ಡ್ರೈವ್ ಚುಚ್ಚಿದೊಡನೆ ನಡೆಯುವ ಸ್ಕ್ಯಾನ್, ಫೋನಿನಲ್ಲಿ ಮಾತಾಡಿ ನೆರವಾಗುವವರೊಬ್ಬರು ಇರುವುದು ಇಂಥವುಗಳಲ್ಲಿ. ದಿನಕ್ಕೆ ನಾಲ್ಕು ಜನರ ಪೆನ್ ಡ್ರೈವ್ ಚುಚ್ಚಿಸಿಕೊಳ್ಳುವ ಮನೆಗೆ, ಊರಿನಲ್ಲಿ ಒಬ್ಬರೇ ಇರುವ ತಂದೆತಾಯಿಯರಿಗೆ ಇವು ಬೆಲೆಬಾಳುವ ಸೌಲಭ್ಯಗಳೇ. ಅಮೆರಿಕದಲ್ಲಿರುವ ಕನ್ನಡಿಗರು ಒಂದು ವಿಷಯ ನೆನಪಿಡಬೇಕು: ಅಲ್ಲಿನ ಸರ್ಕಾರ 2024ರಲ್ಲಿ ರಷ್ಯಾದ ಆಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿಯ ಮಾರಾಟವನ್ನೂ ಅಪ್‌ಡೇಟನ್ನೂ ನಿಷೇಧಿಸಿದ್ದರಿಂದ ಹಳೆಯ ಚಂದಾ ಅಲ್ಲಿ ಉಪಯೋಗಕ್ಕೆ ಬಾರದು.

ಎರಡು ಆಂಟಿವೈರಸ್‌ಗಳನ್ನು ಒಟ್ಟಿಗೆ ಹಾಕಿದರೆ ಕಾವಲು ಇಮ್ಮಡಿಯಾಗುವುದಿಲ್ಲ. ಅವು ಒಂದನ್ನೊಂದು ತಡೆದು ಯಂತ್ರವನ್ನು ಮಂದಗೊಳಿಸುತ್ತವೆ. ಬೇರೊಂದು ಬಂದಾಗ ಡಿಫೆಂಡರ್ ತಾನೇ ಹಿಂದೆ ಸರಿಯುತ್ತದೆ. ಅಪಾಯವಿರುವುದು ಆ ಇನ್ನೊಂದರ ಚಂದಾ ಮುಗಿದಾಗ. ಹೊಸ ಲ್ಯಾಪ್‌ಟಾಪಿನ ಜೊತೆ ಬಂದ ಪ್ರಾಯೋಗಿಕ ಆವೃತ್ತಿ ಅವಧಿ ಮೀರಿದ ಮೇಲೂ ಕುಳಿತಿದ್ದರೆ, ಹಣ ಕಟ್ಟಿ ಅಥವಾ ಕಿತ್ತುಹಾಕಿ.

ಮತ್ತೆ ಬಾರದಂತೆ

ತಡೆಗಟ್ಟುವ ಉಪಾಯಗಳಲ್ಲಿ ಎಲ್ಲವೂ ಸಮಾನ ಫಲ ಕೊಡುವುದಿಲ್ಲ. ಅಪ್‌ಡೇಟಿಗೆ ಮೊದಲ ಸ್ಥಾನ. 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ಎಂಬ ರಾನ್ಸಮ್‌ವೇರ್ ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ತೇಪೆ ಬಿಡುಗಡೆ ಮಾಡಿತ್ತು. ಸುಮಾರು ಎರಡು ತಿಂಗಳು ಅದನ್ನು ಹಾಕಿಕೊಳ್ಳದಿದ್ದವರೇ ಮುಖ್ಯವಾಗಿ ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರು ವಿಸ್ತೃತ ಭದ್ರತಾ ಯೋಜನೆಗೆ ನೋಂದಾಯಿಸಿಕೊಂಡು ಒಂದಿಷ್ಟು ಕಾಲ ತಳ್ಳಬಹುದಾದರೂ, ವಿಂಡೋಸ್ 11ಕ್ಕೆ ಹೋಗಬಲ್ಲ ಯಂತ್ರಗಳು ಹೋಗುವುದೇ ಸರಿ.

ತಂತ್ರಾಂಶವನ್ನು ಎಲ್ಲಿಂದ ಇಳಿಸಿಕೊಳ್ಳುತ್ತೀರಿ ಎಂಬುದು ಎರಡನೆಯದು. ಕನ್ನಡ ಟೈಪಿಂಗಿಗೆಂದು ನುಡಿಯನ್ನೋ ಬರಹವನ್ನೋ ಹುಡುಕಿ, ಹುಡುಕಾಟದಲ್ಲಿ ಮೊದಲು ಸಿಕ್ಕ ‘ಉಚಿತ ಡೌನ್‌ಲೋಡ್’ ತಾಣದಿಂದ ಇಳಿಸಿಕೊಳ್ಳುವವರಿದ್ದಾರೆ. ಮೂಲ ಪ್ರಕಾಶಕರ ತಾಣದಿಂದ ಮಾತ್ರ ಪಡೆಯಬೇಕು. ಯೂನಿಕೋಡ್ ಟೈಪಿಂಗಷ್ಟೇ ಬೇಕಿದ್ದರೆ ವಿಂಡೋಸಿನಲ್ಲೇ ಕನ್ನಡ ಕೀಲಿಮಣೆ ಇರುವುದರಿಂದ ಏನನ್ನೂ ಇಳಿಸುವ ಅಗತ್ಯವಿಲ್ಲ. ಹುಡುಕಾಟದ ಫಲಿತಾಂಶಗಳ ನೆತ್ತಿಯ ಮೇಲೆ ಜಾಹೀರಾತಿನ ರೂಪದಲ್ಲಿ ನಕಲಿ ತಾಣಗಳು ಕೂರುವುದರಿಂದ, ಅಮೆರಿಕದ ಎಫ್‌ಬಿಐ 2022ರಲ್ಲಿ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಬಳಸಿ ಎಂದು ಜನರಿಗೆ ಸಲಹೆ ಕೊಟ್ಟಿತು. ಫೈಲುಗಳ ಹೆಸರಿನ ಬಾಲ ಕಾಣುವಂತೆ ಎಕ್ಸ್‌ಪ್ಲೋರರಿನಲ್ಲಿ ಗುರುತು ಹಾಕಿಕೊಂಡರೆ, ಕರೆಂಟ್ ಬಿಲ್ಲಿನ ಪಿಡಿಎಫ್ ಎಂದು ಬಂದದ್ದು ನಿಜದಲ್ಲಿ ಇಎಕ್ಸ್‌ಇ (ಒತ್ತಿದೊಡನೆ ಓಡುವ ತಂತ್ರಾಂಶ) ಎಂಬುದು ಕಣ್ಣಿಗೆ ಬೀಳುತ್ತದೆ.

ದಿನನಿತ್ಯದ ಬಳಕೆಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಖಾತೆ ಇಟ್ಟುಕೊಳ್ಳಿ ಎಂಬ ಸಲಹೆ ಒಳ್ಳೆಯದೇ. ಮಕ್ಕಳಿಗಂತೂ ಹಾಗೆಯೇ ಮಾಡಬೇಕು. ಆದರೆ ಬ್ರೌಸರಿನ ಪಾಸ್‌ವರ್ಡ್ ಕದಿಯಲು ಕಳ್ಳನಿಗೆ ಆ ಅಧಿಕಾರ ಬೇಕಿಲ್ಲವಾದ್ದರಿಂದ, ಬ್ಯಾಂಕಿನ ಪಾಸ್‌ವರ್ಡನ್ನು ಬ್ರೌಸರಿನಲ್ಲಿ ಉಳಿಸದಿರುವುದು ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಇನ್ನು ಬ್ಯಾಕಪ್. ಹೊರಗಿನ ಹಾರ್ಡ್ ಡಿಸ್ಕಿಗೆ ಒಂದೇ ಸಲ ದುಡ್ಡು ಹಾಕಿದರೆ ಸಾಕು, ಇಂಟರ್ನೆಟ್ ಬೇಡ. ಆದರೆ ಸದಾ ಚುಚ್ಚಿಟ್ಟಿದ್ದರೆ ರಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ. ಗೂಗಲ್ ಡ್ರೈವ್‌ನಲ್ಲಿ 15 ಜಿಬಿ, ಒನ್‌ಡ್ರೈವ್‌ನಲ್ಲಿ 5 ಜಿಬಿ ಉಚಿತ. ಕ್ಲೌಡ್‌ಗೆ ತಾನಾಗಿ ನಕಲಾಗುವ ಫೋಲ್ಡರಿನಲ್ಲಿ ಲಾಕ್ ಆದ ಫೈಲೂ ಮೇಲಕ್ಕೆ ಹೋಗುತ್ತದಾದರೂ, ಹಳೆಯ ಆವೃತ್ತಿಗಳು ಕೆಲವು ಕಾಲ ಉಳಿದಿರುವುದರಿಂದ ಹಿಂದಕ್ಕೆ ಪಡೆಯಬಹುದು. ದಾಖಲೆಪತ್ರಗಳನ್ನು ಕ್ಲೌಡಿನಲ್ಲೂ, ಜಾಗ ಬೇಡುವ ಫೋಟೊ ವಿಡಿಯೊಗಳನ್ನು ಹೊರಗಿನ ಡಿಸ್ಕಿನಲ್ಲೂ ಇಡುವುದು ನಮ್ಮ ಮನೆಯ ಪದ್ಧತಿ. ತಿಂಗಳ ಮೊದಲ ಭಾನುವಾರ ಡಿಸ್ಕನ್ನು ಬೀರುವಿನಿಂದ ತೆಗೆದು, ನಕಲು ಮುಗಿದೊಡನೆ ಕಳಚಿ ಮರಳಿ ಅಲ್ಲೇ ಇಡುತ್ತೇವೆ. ವರ್ಷಕ್ಕೆರಡು ಬಾರಿ ಅದನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ನಾಲ್ಕಾರು ಫೋಟೊಗಳು ನಿಜವಾಗಿ ತೆರೆದುಕೊಳ್ಳುತ್ತವೆಯೇ ಎಂದು ನೋಡುತ್ತೇವೆ.